ಪೀಸಿಗೆ ಎಷ್ಟು ಸಾರ್?

ಬ್ಲಾಗಿನ ಕಡೆ ತಲೆ ಹಾಕಿ ಬಹಳ ದಿನಗಳಾದವು. ಬರೆಯಲೇಬೇಕು ಅನ್ನಿಸುವಷ್ಟು ಸಿಟ್ಟು ಬಂದಿರಲಿಲ್ಲ, ಅಷ್ಟೇ. ಈಗ ಬಂದಿದೆ.

ಅಕ್ಟೋಬರ್ ಬಂತೆಂದರೆ ಸಾಕು, ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷ ಹಾಕಿಕೊಂಡು ಬರುತ್ತದೆ. "ರಾಜ್ಯೋತ್ಸವಕ್ಕೆ ಟೀಶರ್ಟ್ ಮಾಡಿಸ್ಬೇಕು, ಎಲ್ಲಿ ಅಗ್ಗ?" "ಸ್ಕ್ರೀನ್ ಪ್ರಿಂಟಾ, ಡಿಟಿಎಫ್ಫಾ, ಯಾವ್ದು ಕಮ್ಮಿ ಬೀಳುತ್ತೆ?" "ಅದೆಲ್ಲಾ ಬೇಡ ಸಾರ್, ಪೀಸಿಗೆ ಎಷ್ಟು ಹೇಳಿ." ಇಂಟರ್ನೆಟ್ಟಿನಲ್ಲಿ ಹುಡುಕಿದರೂ ಇದೇ ಕತೆ. ಒಂದು ಪಟ್ಟಿ, ಎಡಗಡೆ ಪ್ರಿಂಟಿಂಗ್ ವಿಧಾನ, ಬಲಗಡೆ ಪೀಸಿಗೆ ಇಷ್ಟು ರೂಪಾಯಿ. ಕೊನೆಗೆ, ಅತಿ ಕಡಿಮೆ ದರದ ಪಕ್ಕದಲ್ಲಿ ಒಂದು ಹಸಿರು ಟಿಕ್ ಮಾರ್ಕು.

ನಾನು ಹೇಳುವುದಿಷ್ಟೇ. ಆ ಪಟ್ಟಿಯನ್ನು ಹರಿದು ಬಿಸಾಡಿ. "ಪೀಸಿಗೆ ಎಷ್ಟು" ಎನ್ನುವ ಪ್ರಶ್ನೆಯೇ ತಪ್ಪು. ದರ್ಶಿನಿಗೆ ಹೋಗಿ ಕ್ಯಾಶಿಯರ್ ಹತ್ತಿರ "ತಿಂಡಿ ಎಷ್ಟು?" ಎಂದು ಕೇಳಿದ ಹಾಗೆ. ಇಡ್ಲಿಗೋ, ಮಸಾಲೆ ದೋಸೆಗೋ, ಒಬ್ಬರಿಗೋ, ಮನೆ ಮಂದಿಗೆಲ್ಲಾ ಪಾರ್ಸೆಲ್ಲೋ ಎಂದು ಹೇಳದೆ ಉತ್ತರ ಬರುತ್ತದೆಯೇ? ಬಂದರೆ ಆ ಉತ್ತರ ನಂಬುವಂಥದ್ದೇ?

ಇಷ್ಟು ಜೋರಾಗಿ ಹೇಳಲು ನನಗೇನು ಅಧಿಕಾರ ಎನ್ನುತ್ತೀರಾ? ಹೇಳುತ್ತೇನೆ. ತಪ್ಪು ಮಾಡಿದ ಅಧಿಕಾರ.

2023ರಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಸಂಘಕ್ಕೆ ನಾನು ಖಜಾಂಚಿ. ರಾಜ್ಯಕ್ಕೆ 'ಕರ್ನಾಟಕ' ಎಂದು ಹೆಸರಿಟ್ಟದ್ದು 1973ರ ನವೆಂಬರ್ 1ರಂದು, ಅಂದರೆ ಆ ಸಲ ಐವತ್ತು ವರ್ಷ. ಅದಕ್ಕಾಗಿ ಸ್ವಲ್ಪ ಜೋರಾಗಿಯೇ ಮಾಡೋಣ ಅಂತ ತೀರ್ಮಾನವಾಯಿತು. 120 ಟೀಶರ್ಟು. ಹಳದಿ ಬಟ್ಟೆ, 180 ಜಿಎಸ್‌ಎಂ ಹತ್ತಿಯದ್ದು, ತಿರುಪ್ಪೂರಿನಿಂದ ಬಂದ ಮಾಲು, ಒಂದಕ್ಕೆ 180 ರೂಪಾಯಿ. ಇಲ್ಲಿಯವರೆಗೆ ಯಾರಿಗೂ ತಕರಾರಿರಲಿಲ್ಲ.

ತಕರಾರು ಶುರುವಾಗಿದ್ದು ಪ್ರಿಂಟಿನಿಂದ. ಡಿಸೈನ್ ಮಾಡಿದ ಹುಡುಗಿ ಮೊದಲು ತಂದದ್ದು ಸರಳವಾಗಿತ್ತು. ಹಳದಿ ಬಟ್ಟೆಯ ಮೇಲೆ ಕೆಂಪಕ್ಷರ, ಅಷ್ಟೇ. ಕಮಿಟಿಗೆ ಅದು ಸಾಲಲಿಲ್ಲ. ಒಬ್ಬರು ಜೋಗ ಹಾಕಿ ಅಂದರು. ಇನ್ನೊಬ್ಬರು ಹಂಪಿಯ ಕಲ್ಲಿನ ರಥ. ಮಗದೊಬ್ಬರು ಯಕ್ಷಗಾನದ ಕಿರೀಟ. ಹುಲಿ ಬೇಕೇ ಬೇಕು ಅಂದವರು ನಮ್ಮ ಅಧ್ಯಕ್ಷರು. ಎಲ್ಲಾ ಸೇರಿ, ನಕ್ಷೆಯೊಳಗೆ ತುರುಕಿ, ಆರು ಬಣ್ಣದ ಡಿಸೈನ್ ಆಯಿತು. ಎದೆಯ ಮೇಲೆ ಪ್ರವಾಸೋದ್ಯಮ ಇಲಾಖೆಯ ಕ್ಯಾಲೆಂಡರು! ಆ ಹುಡುಗಿ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ.

ಆಮೇಲೆ ನಮ್ಮಲ್ಲೊಬ್ಬ ಎಕ್ಸೆಲ್ ಪರಿಣತರು ಪಟ್ಟಿ ತಂದರು. ಸ್ಕ್ರೀನ್ ಪ್ರಿಂಟ್ 85, ಡಿಟಿಎಫ್ 60, ಡಿಟಿಜಿ 210. ಹಸಿರು ಟಿಕ್ ಡಿಟಿಎಫ್ ಮುಂದೆ. ಐದು ನಿಮಿಷದಲ್ಲಿ ಸಭೆ ಮುಗಿಯಿತು, ಬಿಸ್ಕೆಟ್ ತಿಂದೆವು.

ಆ ಪಟ್ಟಿಯಲ್ಲಿದ್ದ ಒಂದೊಂದು ಅಂಕಿಯೂ ನಿಜ. ಪಟ್ಟಿ ಮಾತ್ರ ಸುಳ್ಳು. ಹೇಗೆ ಅಂತ ಬಿಡಿಸುತ್ತೇನೆ, ಸ್ವಲ್ಪ ತಾಳ್ಮೆಯಿರಲಿ.

ಸ್ಕ್ರೀನ್ ಪ್ರಿಂಟ್ ಅಂದರೆ ಮದುವೆ ಮನೆಯ ಅಡುಗೆ ಇದ್ದ ಹಾಗೆ. ಮೊದಲು ಒಲೆ ಹೂಡಬೇಕು. ಚೌಕಟ್ಟಿಗೆ ಬಲೆಯಂಥ ಬಟ್ಟೆ ಬಿಗಿದು, ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಬಳಿದು, ಡಿಸೈನಿನ ಫಿಲ್ಮ್ ಇಟ್ಟು, ಬೆಳಕು ಬಿಟ್ಟು ತೊಳೆದರೆ ಅಕ್ಷರ ಇರುವ ಜಾಗ ಮಾತ್ರ ತೆರೆದುಕೊಳ್ಳುತ್ತದೆ. ಒಂದು ಬಣ್ಣಕ್ಕೆ ಒಂದು ಸ್ಕ್ರೀನು. ಆರು ಬಣ್ಣಕ್ಕೆ ಆರು. ಇದು ಒಂದು ಟೀಶರ್ಟಿಗೂ ಅಷ್ಟೇ ಖರ್ಚು, ಸಾವಿರಕ್ಕೂ ಅಷ್ಟೇ. ಒಲೆ ಹೂಡಿದ ಮೇಲೆ ಎಷ್ಟು ಜನ ಉಂಡರೂ ಎಲೆಯ ಖರ್ಚು ಮಾತ್ರ.

ಡಿಟಿಎಫ್ ಪಾರ್ಸೆಲ್ ಊಟ. ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಎಲ್ಲಾ ಬಣ್ಣವನ್ನೂ ಒಟ್ಟಿಗೆ ಇಂಕ್‌ಜೆಟ್ ಪ್ರಿಂಟರ್ ಹಾಕುತ್ತದೆ, ಅದರ ಮೇಲೊಂದು ಬಿಳಿ ಪದರ, ಅದಕ್ಕೆ ಅಂಟಿನ ಪುಡಿ. ಪುಡಿ ಕರಗಿಸಿ, ಬಟ್ಟೆಯ ಮೇಲಿಟ್ಟು, ಹೀಟ್ ಪ್ರೆಸ್ಸಿನಲ್ಲಿ ಒತ್ತಿ, ಫಿಲ್ಮ್ ಎಳೆದು ತೆಗೆದರೆ ಆಯಿತು. ಬಣ್ಣ ಒಂದಾದರೂ ಅಷ್ಟೇ, ಅರವತ್ತಾದರೂ ಅಷ್ಟೇ. ಒಂದು ಪೀಸಾದರೂ ನೂರಾದರೂ ಹೆಚ್ಚು ಕಡಿಮೆ ಅದೇ ದರ. ಅಲ್ಲಿ ಲೆಕ್ಕ ಬಣ್ಣದ್ದಲ್ಲ, ಫಿಲ್ಮಿನ ಜಾಗದ್ದು.

ಈಗ ನಮಗೆ ಸಿಕ್ಕ ದರ ನೋಡಿ (ನಿಮ್ಮೂರಿನಲ್ಲಿ ಬೇರೆ ಇರುತ್ತದೆ, ನಿಮ್ಮ ಅಂಕಿ ಹಾಕಿಕೊಳ್ಳಿ). ಸ್ಕ್ರೀನ್ ಮಾಡಲು ಒಂದಕ್ಕೆ 500. ಆಮೇಲೆ ಒಂದು ಬಣ್ಣ ಎಳೆಯಲು ಪೀಸಿಗೆ 10. ಡಿಟಿಎಫ್, ಎ4 ಅಳತೆಗೆ, ಒತ್ತುವುದೂ ಸೇರಿ 60.

ಆರು ಬಣ್ಣ, 120 ಪೀಸು. ಸ್ಕ್ರೀನಿಗೆ 3000, ಎಳೆಯಲು 7200, ಒಟ್ಟು 10,200. ಭಾಗಿಸಿದರೆ 85. ಎಕ್ಸೆಲ್ ಪರಿಣತರು ತಪ್ಪಿರಲಿಲ್ಲ.

ಅದೇ ಮೊದಲಿನ ಡಿಸೈನು, ಹಳದಿಯ ಮೇಲೆ ಬರೀ ಕೆಂಪು? ಸ್ಕ್ರೀನಿಗೆ 500, ಎಳೆಯಲು 1200, ಒಟ್ಟು 1700. ಪೀಸಿಗೆ ಹದಿನಾಲ್ಕು ಚಿಲ್ಲರೆ! ಡಿಟಿಎಫ್ ಮಾಡಿಸಿದರೆ ಅದಕ್ಕೂ 7200ಯೇ. ಅಂದರೆ ನಾವು 'ಅಗ್ಗ' ಎಂದು ಆರಿಸಿದ್ದಕ್ಕೆ 5500 ರೂಪಾಯಿ ಹೆಚ್ಚು ಕೊಟ್ಟೆವು. ಆ ದುಡ್ಡು ಹುಲಿಗೂ ಜೋಗಕ್ಕೂ ಹೋಯಿತು. ಪಟ್ಟಿಯಲ್ಲಿ ಆ ಸಾಲೇ ಇರಲಿಲ್ಲ, ಯಾಕೆಂದರೆ ಡಿಸೈನ್ ಬದಲಿಸಬಹುದು ಎನ್ನುವುದು ಯಾರ ತಲೆಗೂ ಬಂದಿರಲಿಲ್ಲ.

ಇದೇ ದರದಲ್ಲಿ ಎಲ್ಲಿ ಸಮ ಬೀಳುತ್ತದೆ ಎಂದು ಲೆಕ್ಕ ಹಾಕಿದರೆ ಚೆಂದದ ಒಂದು ಸಾಲು ಸಿಗುತ್ತದೆ. ಒಂದು ಬಣ್ಣವಾದರೆ 10 ಪೀಸಿಗೆ ಎರಡೂ ಸಮ, ಅದರ ಮೇಲೆ ಸ್ಕ್ರೀನ್ ಅಗ್ಗ. ಎರಡು ಬಣ್ಣಕ್ಕೆ 25. ಮೂರಕ್ಕೆ 50. ನಾಲ್ಕಕ್ಕೆ 100. ಐದಕ್ಕೆ 250. ಆರು ಬಣ್ಣಕ್ಕೆ? ಎಷ್ಟು ಲಕ್ಷ ಮಾಡಿಸಿದರೂ ಸ್ಕ್ರೀನ್ ಗೆಲ್ಲುವುದಿಲ್ಲ, ಯಾಕೆಂದರೆ ಆರು ಬಣ್ಣ ಎಳೆಯುವ ಕೂಲಿಯೇ 60 ಆಯಿತು. ಇನ್ನೊಂದು ಮಾತು. ಗಾಢ ಬಣ್ಣದ ಬಟ್ಟೆಯಾದರೆ ಅಡಿಯಲ್ಲಿ ಬಿಳಿ ಹಾಕಬೇಕಾಗಬಹುದು, ಅದೂ ಒಂದು ಬಣ್ಣದ ಲೆಕ್ಕವೇ. ಹಾಗಾಗಿ ಹಳದಿ ಬಟ್ಟೆಗೆ ಕೆಂಪಕ್ಷರ ಒಂದು ಸ್ಕ್ರೀನು, ಕೆಂಪು ಬಟ್ಟೆಗೆ ಹಳದಿ ಅಕ್ಷರ ಎರಡು. ಬಾವುಟದ ಎರಡೇ ಬಣ್ಣ, ಅದಲು ಬದಲಾದರೆ ಖರ್ಚು ಬೇರೆ!

ಇದನ್ನೆಲ್ಲಾ ನಮಗೆ ಮೊದಲೇ ಹೇಳಿದವರೊಬ್ಬರಿದ್ದರು. ನಮ್ಮ ಹಿಂದಿನ ಬೀದಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ಹಿರಿಯರು, ಎಲ್ಲರೂ ಅಣ್ಣ ಎಂದೇ ಕರೆಯುವುದು. ನಾನು ಹೋಗಿ "ಅಣ್ಣಾ, ಪೀಸಿಗೆ ಎಷ್ಟು?" ಎಂದು ಕೇಳಿದಾಗ ಅವರು ಸ್ಕ್ವೀಜಿ ಕೆಳಗಿಟ್ಟು ಹೇಳಿದ್ದು ಇನ್ನೂ ನೆನಪಿದೆ. "ಎಷ್ಟು ಪೀಸು, ಎಷ್ಟು ಕಲರು, ಯಾವ ಬಟ್ಟೆ, ಈ ಮೂರೂ ಹೇಳದೆ ರೇಟು ಕೇಳೋರಿಗೆ ನಾನು ರೇಟ್ ಹೇಳಲ್ಲ ಸಾರ್. ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ." ಮಾತು ಜಾಸ್ತಿ ಆಡ್ತಾರೆ ಎಂದುಕೊಂಡು ಬಂದೆ. ಡಿಸೈನ್ ತೋರಿಸಿದ ಮೇಲೆ ಅವರು ಇನ್ನೂ ಒಂದು ಮಾತು ಹೇಳಿದ್ದರು. "ಹುಲೀನ ಬಿಟ್ರೆ ನಿಮಗೆ ದುಡ್ಡು ಉಳಿಯುತ್ತೆ." ಅಧ್ಯಕ್ಷರಿಗೆ ಈ ಮಾತು ತಲುಪಿಸುವ ಧೈರ್ಯ ನನಗಿರಲಿಲ್ಲ.

ಮುಂದಿನ ಕತೆ ಕೇಳಿ.

ಡಿಟಿಎಫ್ ಅಂಗಡಿಯ ಹುಡುಗ ಸಾಲ ಮಾಡಿ ಮೆಷಿನ್ ತಂದಿದ್ದ. ಪಾಪ, ಒಳ್ಳೆಯ ಕೆಲಸಗಾರ. ಡಿಸೈನನ್ನು ತನ್ನ ಸಾಫ್ಟ್‌ವೇರಿಗೆ ಹಾಕಿಕೊಂಡು, ಅಕ್ಷರ ಮಾತ್ರ ಮತ್ತೆ ಟೈಪ್ ಮಾಡಿ, ಫೋಟೋ ತೆಗೆದು ವಾಟ್ಸಾಪ್ ಮಾಡಿದ. "ಓಕೆನಾ ಸಾರ್?" ನಾನು ಮೀಟಿಂಗಿನಲ್ಲಿದ್ದೆ. ಹೆಬ್ಬೆರಳು ಎತ್ತಿದ ಚಿತ್ರ ಒತ್ತಿ ಕಳಿಸಿದೆ.

ಅಕ್ಟೋಬರ್ 31ರ ಸಂಜೆ ಗಂಟು ಬಿಚ್ಚಿದರೆ ನೂರಿಪ್ಪತ್ತು ಟೀಶರ್ಟಿನ ಮೇಲೂ ಇದ್ದದ್ದು: ಕನ್‌ನಡ ರಾಜ್‌ಯೋತ್‌ಸವ.

ಯೂನಿಕೋಡ್ ಇಲ್ಲದ ಕಾಲದಿಂದ ಒತ್ತಕ್ಷರಕ್ಕಾಗಿ ಗುದ್ದಾಡಿದವರು ನಾವು. ಬ್ರೌಸರಿನಲ್ಲಿ ಚೌಕ ಚೌಕ ಕಂಡರೆ ಫಾಂಟ್ ಹಾಕಿಕೊಳ್ಳಿ ಎಂದು ಒಬ್ಬರಿಗೊಬ್ಬರು ಹೇಳಿಕೊಟ್ಟವರು. ನನ್ನ ಕಣ್ಣಿಗೆ ಇದು ಬೀಳಲಿಲ್ಲವೆಂದರೆ! ಕಾರಣ ನಮಗೆಲ್ಲಾ ಗೊತ್ತಿರುವುದೇ. ಕೆಲವು ಡಿಸೈನ್ ಸಾಫ್ಟ್‌ವೇರುಗಳಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಇದ್ದೂ ಆನ್ ಮಾಡದಿದ್ದರೆ, ಒತ್ತು ಒತ್ತಾಗದೆ ಹಲಂತವಾಗಿ ಬಿಡಿಬಿಡಿಯಾಗಿ ನಿಲ್ಲುತ್ತದೆ. ಅಕ್ಷರವನ್ನು ಔಟ್‌ಲೈನ್ ಮಾಡಿ ಪಿಡಿಎಫ್ ಕೊಟ್ಟಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ಕೊಡಬೇಕಾದವನು ನಾನು. ನೋಡಬೇಕಾದವನೂ ನಾನು.

ಆದರೆ ಆ ಸಂಜೆ ನಾವು ಮಾಡಿದ್ದೇನು ಗೊತ್ತೇ? ಆ ಹುಡುಗನ ಅಂಗಡಿಗೆ ನಾಲ್ಕು ಜನ ಹೋಗಿ, "ಕನ್ನಡ ಬರಲ್ವೇನಪ್ಪಾ ನಿನಗೆ?" ಎಂದು ಗದರಿಸಿ, ಬಿಲ್ಲಿನಲ್ಲಿ 3000 ಹಿಡಿದುಕೊಂಡು ಬಂದೆವು. ಅವನ ಫೋನಿನಲ್ಲಿ ನನ್ನ ಹೆಬ್ಬೆರಳು ಇತ್ತು. ಅವನು ಅದನ್ನು ತೋರಿಸಲಿಲ್ಲ. ನಾನು ಅದರ ಬಗ್ಗೆ ಬಾಯಿ ಬಿಡಲಿಲ್ಲ.

ಮರುದಿನ ಮೆರವಣಿಗೆ. ಮಧ್ಯಾಹ್ನದ ಬಿಸಿಲಿಗೆ ಎದೆಯ ಮೇಲೆ ಎ4 ಅಗಲದ ಪ್ಲಾಸ್ಟಿಕ್ ತೇಪೆ. ಗಾಳಿಯಾಡುವುದಿಲ್ಲ, ಬೆವರು ಅದರ ಹಿಂದೆಯೇ ನಿಲ್ಲುತ್ತದೆ. ಅದು ಡಿಟಿಎಫ್‌ನ ದೋಷವಲ್ಲ, ನಮ್ಮ ಡಿಸೈನಿನ ದೋಷ. ಬರೀ ಅಕ್ಷರವಾಗಿದ್ದರೆ ಅಕ್ಷರದ ನಡುವೆ ಬಟ್ಟೆ ಉಸಿರಾಡುತ್ತಿತ್ತು. ನಾಲ್ಕಾರು ಸಲ ಒಗೆಯುವಷ್ಟರಲ್ಲಿ ಕೆಲವರದ್ದು ಅಂಚು ಎದ್ದಿತು. ಒಳಮಗ್ಗುಲು ಹೊರಗೆ ಮಾಡಿ, ತಣ್ಣೀರಿನಲ್ಲಿ ಒಗೆಯಿರಿ, ಪ್ರಿಂಟಿನ ಮೇಲೆ ಇಸ್ತ್ರಿ ಇಡಬೇಡಿ ಎಂದು ನಾವು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಒತ್ತು ಇಲ್ಲದ ಕನ್ನಡವನ್ನು ಎರಡನೇ ಸಲ ಹಾಕಿಕೊಳ್ಳುವವರು ಯಾರು? ನಮ್ಮ ಮನೆಯಲ್ಲಿ ಅದು ಸ್ಕೂಟರ್ ಒರೆಸುವ ಬಟ್ಟೆಯಾಗಿದೆ.

ಈಗ ಲೆಕ್ಕ ಹಾಕಿ. ಬಟ್ಟೆ 180, ಪ್ರಿಂಟು 60, ಒಟ್ಟು 240. ಒಂದೇ ದಿನ ಹಾಕಿದ್ದು. ಅಂದರೆ ಒಂದು ಸಲ ಹಾಕಿಕೊಳ್ಳಲು 240 ರೂಪಾಯಿ. ಒಂದೇ ಬಣ್ಣದಲ್ಲಿ ಸರಿಯಾಗಿ ಮಾಡಿಸಿದ್ದರೆ 194 ಆಗುತ್ತಿತ್ತು, ಇಪ್ಪತ್ತು ಸಲ ಹಾಕಿದ್ದರೂ ಸಲಕ್ಕೆ ಹತ್ತು ರೂಪಾಯಿಯೂ ಬೀಳುತ್ತಿರಲಿಲ್ಲ. ಸ್ವಾಮಿ, ಬಟ್ಟೆಯ ಬೆಲೆ ಕೇಳಬೇಕಾದ್ದು ಹೀಗೆ. ಪೀಸಿಗೆ ಎಷ್ಟು ಅಂತಲ್ಲ, ಒಗೆತಕ್ಕೆ ಎಷ್ಟು ಅಂತ.

ಹಾಗಾದರೆ ಸ್ಕ್ರೀನ್ ಪ್ರಿಂಟೇ ಶ್ರೇಷ್ಠ, ಹಳೆಯದೇ ಚಿನ್ನ ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹಾಗೆ ಹೇಳುವವರ ಮೇಲೂ ನನಗೆ ಅಷ್ಟೇ ಸಿಟ್ಟು. ಸ್ಕ್ರೀನಿನಲ್ಲಿ ಬಳಸುವ ಪ್ಲಾಸ್ಟಿಸಾಲ್ ಇಂಕ್ ಕೂಡ ಪಿವಿಸಿಯೇ, ಅದೂ ಪ್ಲಾಸ್ಟಿಕ್ಕೇ. ಸರಿಯಾದ ಬಿಸಿ ಕೊಡದೆ, ಸುಮಾರು 160 ಡಿಗ್ರಿ ಮುಟ್ಟಿಸದೆ ಅವಸರ ಮಾಡಿದರೆ ಅದೂ ಬಿರಿಯುತ್ತದೆ. ಹದಿನೈದು ಜನ ಬ್ಲಾಗಿಗರು ಸೇರುತ್ತೇವೆ, ಪ್ರತಿಯೊಬ್ಬರ ಬೆನ್ನ ಮೇಲೂ ಅವರವರ ಬ್ಲಾಗಿನ ಹೆಸರು ಬೇಕು ಎಂದರೆ ಸ್ಕ್ರೀನ್ ಮಾಡಿಸುವವನು ದಡ್ಡ. ಹದಿನೈದು ಹೆಸರಿಗೆ ಹದಿನೈದು ಸ್ಕ್ರೀನು! ಅಲ್ಲಿ ಡಿಟಿಎಫ್ ಬಂದದ್ದು ಪುಣ್ಯ. ಎಲ್ಲಾ ಹೆಸರನ್ನೂ ಒಂದೇ ಹಾಳೆಯಲ್ಲಿ ಒತ್ತೊತ್ತಾಗಿ ಜೋಡಿಸಿದರೆ ಫಿಲ್ಮಿನ ಖರ್ಚೂ ಉಳಿಯುತ್ತದೆ.

ಅಂದ ಹಾಗೆ ವಿನೈಲ್ ಕತ್ತರಿಸಿ ಅಂಟಿಸುವುದೂ ಇದೆ. ಜೆರ್ಸಿಯ ನಂಬರಿಗೆ ಬಲು ಚೆನ್ನ. ಆದರೆ ಕನ್ನಡಕ್ಕೆ? ಮೆಷಿನ್ ಅಂಚನ್ನು ಕತ್ತರಿಸುತ್ತದೆ ಅಷ್ಟೇ, ಬೇಡದ ಚೂರನ್ನು ಕೈಯಲ್ಲೇ ಕೀಳಬೇಕು. ಇಂಗ್ಲಿಷಿನ ಎಲ್, ಟಿ ಗಳಿಗೆ ಒಳಗೆ ತೂತೇ ಇಲ್ಲ. ನಮ್ಮ ಅಕ್ಷರಗಳೋ ಸುರುಳಿ, ಕೊಂಬು, ಒತ್ತು. ಶ್ರೀ ಎಂದು ಬರೆದು ಒಳಗಿನ ಸಣ್ಣ ಸಣ್ಣ ಚೂರುಗಳನ್ನು ಸೂಜಿಯಂಥ ಕೊಕ್ಕೆಯಲ್ಲಿ ಎಬ್ಬಿಸುತ್ತಾ ಕೂತವರಿಗೆ ಗೊತ್ತು ಅದರ ಕೂಲಿ ಎಷ್ಟೆಂದು. ಇಂಗ್ಲಿಷ್ ಅಕ್ಷರಕ್ಕೆ ಹಾಕಿದ ದರವನ್ನೇ ಕನ್ನಡಕ್ಕೂ ಕೊಡಿ ಎಂದು ಚೌಕಾಸಿ ಮಾಡುವುದು ಅನ್ಯಾಯ.

ಸಬ್ಲಿಮೇಶನ್ ಇನ್ನೊಂದು. ಸುಮಾರು 200 ಡಿಗ್ರಿಯಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ನೂಲಿನೊಳಗೇ ಸೇರಿಕೊಳ್ಳುತ್ತದೆ. ಕೈಗೆ ಪ್ರಿಂಟ್ ಇದೆಯೆಂದೇ ತಿಳಿಯುವುದಿಲ್ಲ, ಬಿರಿಯುವ ಮಾತೇ ಇಲ್ಲ. ಆದರೆ ಬಿಳಿ ಅಥವಾ ತಿಳಿಬಣ್ಣದ ಪಾಲಿಯೆಸ್ಟರ್ ಮಾತ್ರ. ಕಾಫಿ ಮಗ್ಗಿನ ಮೇಲೆ ಫೋಟೋ ಹಾಕಿಕೊಡುವುದೂ ಇದೇ ವಿದ್ಯೆ, ಮಗ್ಗಿಗೆ ಮೊದಲೇ ಪಾಲಿಮರ್ ಲೇಪನ ಇರುತ್ತದೆ. ಹತ್ತಿ ಬಟ್ಟೆಗೆ ಆ ಲೇಪನ ಎಲ್ಲಿದೆ? ಅಪ್ಪಟ ಹತ್ತಿಯ ಮೇಲೆ ಸಬ್ಲಿಮೇಶನ್ ಅಗ್ಗಕ್ಕೆ ಮಾಡಿಕೊಡುತ್ತೇನೆ ಎಂದವರ ಅಂಗಡಿಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬನ್ನಿ.

ಡಿಟಿಜಿ, ಅಂದರೆ ಬಟ್ಟೆಯ ಮೇಲೇ ನೇರ ಪ್ರಿಂಟ್ ಮಾಡುವುದು, ಪಟ್ಟಿಯಲ್ಲಿ ಸದಾ ಕೊನೆಗೆ, ದುಬಾರಿ ಎಂಬ ಹಣೆಪಟ್ಟಿಯೊಂದಿಗೆ. ಗಾಢ ಬಟ್ಟೆಗೆ ಮೊದಲು ಔಷಧ ಸಿಂಪಡಿಸಬೇಕು, ಬಿಳಿ ಇಂಕ್ ಹಾಕಬೇಕು, ಆ ಬಿಳಿ ಇಂಕ್ ಸುಮ್ಮನೆ ಬಿಟ್ಟರೆ ತಳಕ್ಕೆ ಕೂತು ಹೆಡ್ ಕಟ್ಟಿಕೊಳ್ಳುತ್ತದೆ. ಖರ್ಚು ಇದ್ದೇ ಇದೆ. ಆದರೆ ಅಜ್ಜಿಯ ಒಂದು ಹಳೆಯ ಫೋಟೋ, ಎರಡೇ ಎರಡು ಹತ್ತಿ ಟೀಶರ್ಟು, ಬಟ್ಟೆ ಮೆತ್ತಗೇ ಇರಬೇಕು ಎಂದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಹಾಗಾಗಿ ನನ್ನ ಜಗಳ ಯಾವ ಮೆಷಿನ್ನಿನ ಮೇಲೂ ಅಲ್ಲ. ಒಂದೇ ಕಾಲಮ್ಮಿನ ಮೇಲೆ. ಆ ಕಾಲಮ್ಮು ನಮ್ಮನ್ನು ಯೋಚಿಸದ ಹಾಗೆ ಮಾಡುತ್ತದೆ. ಡಿಸೈನ್ ಸರಳ ಮಾಡು ಎಂದು ಹೇಳುವುದಿಲ್ಲ. ಪ್ರೂಫ್ ನೋಡು ಎಂದು ಹೇಳುವುದಿಲ್ಲ. ಕೊನೆಗೆ ಏನಾದರೂ ಕೆಟ್ಟರೆ, ಅತಿ ಕಡಿಮೆ ಕೇಳಿದವನ ಹೊಟ್ಟೆಗೇ ಹೊಡೆಯಲು ಕಲಿಸುತ್ತದೆ.

ಅಗ್ಗದ ಬೆಲೆಯನ್ನು ಯಾರೋ ಒಬ್ಬರು ತೆತ್ತೇ ತೆರುತ್ತಾರೆ. ಆ ತಿರುಪ್ಪೂರನ್ನೇ ನೋಡಿ. ಬಟ್ಟೆಗೆ ಬಣ್ಣ ಹಾಕಿದ ನೀರು ವರ್ಷಗಟ್ಟಲೆ ನೊಯ್ಯಲ್ ನದಿಗೆ ಹರಿಯಿತು. ನೊಯ್ಯಲ್ ಹೋಗಿ ಸೇರುವುದು ನಮ್ಮದೇ ಕಾವೇರಿಯನ್ನು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಡೈಯಿಂಗ್, ಬ್ಲೀಚಿಂಗ್ ಘಟಕಗಳನ್ನು ಮುಚ್ಚಿಸಲು ಆದೇಶ ಮಾಡಬೇಕಾಯಿತು. ಆ ನದಿಯ ದಂಡೆಯ ರೈತನ ಲೆಕ್ಕ ಯಾವ ಟೀಶರ್ಟಿನ ಬಿಲ್ಲಿನಲ್ಲಿ ಇತ್ತು? ನಮ್ಮ ಬೀದಿಯ ಹುಡುಗನ 3000 ನಮ್ಮ ಸಂಘದ ವಾರ್ಷಿಕ ವರದಿಯಲ್ಲಿ 'ಉಳಿತಾಯ' ಎಂದು ದಾಖಲಾಯಿತು. ಬರೆದವನು ನಾನೇ.

ಎರಡು ವರ್ಷ ಅದು ಚುಚ್ಚುತ್ತಿತ್ತು. ಕಳೆದ ತಿಂಗಳು ಅವನ ಅಂಗಡಿಗೆ ಹೋದೆ. ಸಂಘದ ದುಡ್ಡಲ್ಲ, ನನ್ನ ಕೈಯಿಂದಲೇ ಮೂರು ಸಾವಿರ ಕೊಟ್ಟೆ. ಬೇಡ ಸಾರ್ ಗೀಡ ಸಾರ್ ಎನ್ನಲಿಲ್ಲ. ತೆಗೆದುಕೊಂಡ, ಎಣಿಸಿದ, ಡ್ರಾಯರಿಗೆ ಹಾಕಿದ. ಆಮೇಲೆ ಹೇಳಿದ: "ಓಕೆ ಅಂದಿದ್ದು ನೀವೇ ಸಾರ್." ಹೌದಪ್ಪ, ನಾನೇ ಅಂದೆ. "ಈಗ ಸಂಘದವರ ಆರ್ಡರ್ ತಗೊಳಲ್ಲ ಸಾರ್" ಅಂದ. ಟೀ ತರಿಸಲಿಲ್ಲ. ತರಿಸಬೇಕಾಗಿಯೂ ಇರಲಿಲ್ಲ.

ಬ್ಲಾಗು ಗೆಳೆಯರೇ, ನಿಮ್ಮಲ್ಲಿ ಬಹಳ ಜನ ಯಾವುದಾದರೊಂದು ಸಂಘದಲ್ಲಿ, ಆಫೀಸಿನ ಕನ್ನಡ ಕೂಟದಲ್ಲಿ ಇದ್ದೇ ಇದ್ದೀರಿ. ಟೀಶರ್ಟ್ ಆರಿಸುವ ಕೆಲಸ ಕೊನೆಗೆ ನಿಮ್ಮ ತಲೆಗೇ ಬರುತ್ತದೆ, 'ನಿಮಗೆ ಕನ್ನಡ ಬರುತ್ತಲ್ಲಾ' ಎಂದು. ಬಂದಾಗ ದಯವಿಟ್ಟು ಇಷ್ಟು ಮಾಡಿ. ಅಂಗಡಿಯವರು ಕೇಳುವ ಮೊದಲೇ ಎಷ್ಟು ಪೀಸು, ಎಷ್ಟು ಬಣ್ಣ, ಯಾವ ಬಟ್ಟೆ ಎಂದು ನೀವೇ ಹೇಳಿ. ಒಂದು ಬಣ್ಣ ಕಡಿಮೆ ಮಾಡಿದರೆ ಎಷ್ಟಾಗುತ್ತದೆ ಎಂದು ಕೇಳಿ. ಅಕ್ಷರವನ್ನು ಔಟ್‌ಲೈನ್ ಮಾಡಿ ಕೊಡಿ, ಒಂದು ಸ್ಯಾಂಪಲ್ ಹಾಕಿಸಿ, ಮೊಬೈಲಿನಲ್ಲಲ್ಲ, ಹೋಗಿ ಕಣ್ಣಾರೆ ನೋಡಿ, ಮನೆಗೆ ತಂದು ಒಗೆಯಿರಿ. ಆಮೇಲೆ ಓಕೆ ಎನ್ನಿ. ಓಕೆ ಎಂದ ಮೇಲೆ ತಪ್ಪು ನಿಮ್ಮದು, ದುಡ್ಡು ಹಿಡಿಯಬೇಡಿ.

ಈ ವರ್ಷ ಖಜಾಂಚಿ ಬೇರೆಯವರು. ಆದರೂ ಹಳದಿ ಮೇಲೆ ಕೆಂಪು, ಒಂದೇ ಬಣ್ಣ, ಆ ಹುಡುಗಿಯ ಮೊದಲ ಡಿಸೈನೇ ಇರಲಿ ಎಂದು ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಅಧ್ಯಕ್ಷರು ಮುಖ ಗಂಟು ಹಾಕಿಕೊಂಡಿದ್ದಾರೆ. ಹುಲಿ ಬೇಕಂತೆ.

ಏನಂತೀರಿ? ಬೈಯುವುದಿದ್ದರೂ ಬೈಯಿರಿ. ಒತ್ತಕ್ಷರ ಸರಿಯಾಗಿದ್ದರೆ ಸಾಕು :-)